ಊರು ಬಿಟ್ಟ ಶಾಲೆ, ಊರಲ್ಲುಳಿದ ನೆನಪು

ಮೇರಿ ಎಂಬ ಬಾಲೆಯ ಬೆನ್ನು ಹತ್ತಿ ಶಾಲೆಗೆ ಬಂದ ಕುರಿಮರಿಯ ಇಂಗ್ಲಿಷ್ ಶಿಶುಗೀತೆಯನ್ನು ಅರಿಯದ ಮಕ್ಕಳು ನಮ್ಮ ಕಾನ್ವೆಂಟ್ ಶಾಲೆಗಳಲ್ಲಿ ವಿರಳ. ಆ ಗೀತೆಯೊಡನೆ ಹೆಸರು ಬೆಸೆದುಕೊಂಡ ಹಳ್ಳಿಯ ಶಾಲೆಯೊಂದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಇಂದಿಗೂ ಇದೆ. ಆದರೆ ಅದು ಹುಟ್ಟಿದ ಊರಿನಲ್ಲಿಲ್ಲ. ನಮ್ಮ ದೇವಾಲಯದ ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ಅದರ ಚರಿತ್ರೆಯನ್ನು ಅವಲೋಕಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಸ್ಟರ್ಲಿಂಗ್ ಎಂಬ ಊರಿನಲ್ಲಿ 1798ರಲ್ಲಿ ಕಟ್ಟಲಾದ ರೆಡ್‌ಸ್ಟೋನ್ ಶಾಲೆ ಒಂದೇ ಕೋಣೆಯ ಚಿಕ್ಕ ಕಟ್ಟಡ. 1856ರವರೆಗೆ ಅಲ್ಲಿ ಪಾಠಪ್ರವಚನಗಳು ನಡೆದವು. ಕಾಲಾನಂತರ ಅದರ ಮರಮುಟ್ಟು ಬ್ಯಾಪ್ಟಿಸ್ಟ್ ಸಭೆಯ ಪಾದ್ರಿಮನೆಯ ಗ್ಯಾರೇಜಿಗೆ ಸೇರಿಹೋಯಿತು. ಮೋಟಾರು ಉದ್ಯಮಿ ಹೆನ್ರಿ ಫೋರ್ಡ್ 1923ರಲ್ಲಿ ಸಡ್‌ಬರಿ ಎಂಬಲ್ಲಿನ ‘ವೇಸೈಡ್ ಇನ್’ ಎಂಬ ಪುರಾತನ ತಂಗುಮನೆಯನ್ನು ಕೊಂಡಿದ್ದರು. ಅವರು ಸ್ಟರ್ಲಿಂಗಿನ ಆ ಮರಮುಟ್ಟನ್ನೂ ಕೊಂಡು, ಸಡ್‌ಬರಿಗೆ ಸಾಗಿಸಿ, ತಂಗುಮನೆಯ ಬಳಿ ಶಾಲೆಯನ್ನು ಪುನಃ ಎಬ್ಬಿಸಿದರು. ಅದನ್ನು ಕೇವಲ ನೋಟದ ವಸ್ತುವಾಗಿ ಇರಿಸಲಿಲ್ಲವೆಂಬುದು ಗಮನಾರ್ಹ. 1927ರಿಂದ 1951ರವರೆಗೆ ಕೆಳ ತರಗತಿಗಳ ಮಕ್ಕಳು ಅಲ್ಲಿ ಅಕ್ಷರ ಕಲಿತರು. 1938ರ ಚಂಡಮಾರುತಕ್ಕೆ ಉರುಳಿದ ಮರಗಳಿಂದ ಸಮೀಪದಲ್ಲೇ ಒಂದು ಪ್ರಾರ್ಥನಾಲಯವೂ 1940ರಲ್ಲಿ ಸಿದ್ಧವಾಯಿತು. ಫೋರ್ಡರ ತಾಯಿ ಹಾಗೂ ಅತ್ತೆಯ ಸ್ಮರಣಾರ್ಥ ಇಟ್ಟ ಅದರ ಹೆಸರು ‘ಮಾರ್ಥಾ-ಮೇರಿ’. ಬೆಥಾನಿಯದ ಸೋದರಿಯರನ್ನು ನೆನಪಿಗೆ ತರುವ ಹೆಸರು.

ಮರಮುಟ್ಟನ್ನು ಸಾಗಿಸಿದ್ದಾಯಿತು. ಆದರೆ ಸತ್ಯವನ್ನು ಸಾಗಿಸುವುದು ಅಷ್ಟು ಸುಲಭವಾಗಲಿಲ್ಲ. ತಾನು ಸಾಕಿದ ಕುರಿಮರಿಯೇ ಆ ಗೀತೆಗೆ ಮೂಲವೆಂದೂ, ಜಾನ್ ರೌಲ್‌ಸ್ಟೋನ್ ಎಂಬ ತರುಣ ಅದರ ಮೊದಲ ಸಾಲುಗಳನ್ನು ಬರೆದುಕೊಟ್ಟನೆಂದೂ ಸ್ಟರ್ಲಿಂಗಿನ ಮೇರಿ ಸಾಯರ್ ಹೇಳಿದ್ದು ತನ್ನ ಇಳಿವಯಸ್ಸಿನಲ್ಲಿ. ರೌಲ್‌ಸ್ಟೋನ್ 1822ರಲ್ಲೇ ತೀರಿಕೊಂಡಿದ್ದನು. ಗೀತೆಯನ್ನು 1830ರಲ್ಲಿ ತಮ್ಮ ಪುಸ್ತಕದಲ್ಲಿ ಪ್ರಕಟಿಸಿದ್ದ ಸಾರಾ ಜೋಸೆಫಾ ಹೇಲ್ ಎಂಬ ಲೇಖಕಿ ಅದು ಸಂಪೂರ್ಣ ತಮ್ಮದೇ ರಚನೆಯೆಂದು ಸ್ಪಷ್ಟಪಡಿಸಿದರು. ಫೋರ್ಡ್ ಮೇರಿಯ ಪಕ್ಷ ವಹಿಸಿದರು. ಆದರೆ ರೌಲ್‌ಸ್ಟೋನನ ಕೈಬರಹದ ಪ್ರತಿ ಯಾರಿಗೂ ದೊರೆಯಲಿಲ್ಲ. ಅಪಾರ ಸಿರಿಯುಳ್ಳವರು ಒಂದು ಶಾಲೆಯನ್ನೇ ಕೊಂಡು ತರಬಲ್ಲರು. ಕಳೆದುಹೋದ ಒಂದು ಹಾಳೆಯನ್ನು ತರಲಾರರು. ಇತ್ತ ಶಾಲೆಯನ್ನು ಕಳೆದುಕೊಂಡ ಸ್ಟರ್ಲಿಂಗ್ ತನ್ನ ನೆನಪನ್ನು ಬಿಟ್ಟುಕೊಡಲಿಲ್ಲ. ಆ ಊರ ನಡುವಣ ಬಯಲಿನಲ್ಲಿ ಪುಟ್ಟ ಕುರಿಮರಿಯ ಪ್ರತಿಮೆಯೊಂದು ನಿಂತಿದೆ.

ದೇವಾಲಯವಿದ್ದೆಡೆ ಶಾಲೆ ಇರಬೇಕೆಂಬುದು ನಮ್ಮ ಧರ್ಮಸಭೆಯ ಹಳೆಯ ಹಂಬಲ. ಪ್ರತಿ ದೇವಾಲಯಕ್ಕೂ ಒಂದು ಶಾಲೆ ಇರಲೆಂದು ಕೇರಳದಲ್ಲಿ 1864ರಲ್ಲಿ ಆದೇಶಿಸಿದ ಚಾವರ ಕುರಿಯಾಕೋಸ್ ಎಲಿಯಾಸರು 2014ರಲ್ಲಿ ಸಂತ ಪದವಿಗೇರಿದರು. ಇಂತಹ ಶಾಲೆಗಳ ಹೆಂಚು ತೊಲೆಗಳು ಒಂದಲ್ಲ ಒಂದು ದಿನ ಶಿಥಿಲವಾಗುವುದು ಸಹಜ; ಅವನ್ನು ಬದಲಿಸಬಹುದು, ಅಗತ್ಯ ಬಿದ್ದರೆ ಬೇರೆಡೆಗೆ ಒಯ್ಯಲೂಬಹುದು. ಆದರೆ ಅಲ್ಲಿ ಕಲಿಸಿದವರು ಯಾರು, ಕಲಿತವರು ಯಾರು, ಗೋಡೆಗೆ ಕಲ್ಲು ಹೊತ್ತವರು ಯಾರು ಎಂಬುದನ್ನು ಬಲ್ಲ ಹಿರಿಯರು ಕಣ್ಮರೆಯಾದ ಮೇಲೆ ಕೇಳುವುದಾದರೂ ಯಾರನ್ನು?

ಆದಕಾರಣ ಪ್ರಿಯ ಭಕ್ತಾದಿಗಳಲ್ಲಿ ನಮ್ಮದೊಂದು ವಿನಂತಿ. ಮನೆಯ ಪೆಟ್ಟಿಗೆಗಳಲ್ಲಿರುವ ಹಳೆಯ ಭಾವಚಿತ್ರ, ಪತ್ರ, ಶಾಲಾ ಪ್ರಮಾಣಪತ್ರಗಳನ್ನು ಜೋಪಾನ ಮಾಡಿರಿ. ಹಿರಿಯರು ಹೇಳುವುದನ್ನು ಹೆಸರು, ಇಸವಿಗಳ ಸಹಿತ ಬರೆದಿಡಿರಿ. ನಮ್ಮ ಜ್ಞಾನಸ್ನಾನದ ದಾಖಲೆ ಪುಸ್ತಕಗಳ ಪಕ್ಕದಲ್ಲಿ ಅವಕ್ಕೂ ಸ್ಥಳವಿದೆ. ತನ್ನ ಕುರಿಗಳನ್ನು ಹೆಸರು ಹಿಡಿದು ಕರೆಯುವ ಒಳ್ಳೆಯ ಕುರಿಗಾಹಿಯು ನಮ್ಮ ಈ ಕಾರ್ಯವನ್ನು ಹರಸಲಿ.