ಮುಟ್ಟಿದ್ದು ತಿಳಿಯದ ಕೈ

1958ರಲ್ಲಿ ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿ ಶಿವಾನಂದ ಪುನರ್ವಸತಿ ಕೇಂದ್ರ ಶುರುವಾಯಿತು. ಅದನ್ನು ಕಟ್ಟಿದವರು ವನಪರ್ತಿ ಸಂಸ್ಥಾನದ ರಾಣಿ ಕುಮುದಿನಿ ದೇವಿ. 1962ರಲ್ಲಿ ನಗರದ ಮೊದಲ ಮಹಿಳಾ ಮೇಯರ್ ಆದವರೂ ಅವರೇ. ಕುಷ್ಠರೋಗ ತಗುಲಿದವರನ್ನು ಮನೆಯವರೇ ಹೊರಗೆ ಹಾಕುತ್ತಿದ್ದ ಕಾಲ ಅದು.

ಬೀದರ್, ಕಲಬುರಗಿ, ರಾಯಚೂರುಗಳೂ 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಆ ರಾಜ್ಯದ ನಿಜಾಮಾಬಾದ್ ಬಳಿಯ ಡಿಚ್‌ಪಲ್ಲಿಯಲ್ಲಿ ಡಾ. ಇಸಾಬೆಲ್ ಕೆರ್ ಕುಷ್ಠರೋಗದ ಆಸ್ಪತ್ರೆ ಕಟ್ಟಿದ್ದರು. ಆಗ ಇದ್ದ ಮದ್ದೆಂದರೆ ಚಾಲ್ಮೂಗ್ರ ಜಾತಿಯ ಬೀಜದೆಣ್ಣೆಯ ಚುಚ್ಚುಮದ್ದು. 1940ರ ದಶಕದಲ್ಲಿ ಡ್ಯಾಪ್ಸೋನ್‌ನಂಥ ಔಷಧಗಳು ಬಂದವು. 1980ರ ದಶಕದಲ್ಲಿ ಬಹುಔಷಧ ಚಿಕಿತ್ಸೆ ಬಂತು. ರೋಗಾಣು ಸತ್ತಿತು, ಆದರೆ ಸತ್ತ ನರ ಏಳಲಿಲ್ಲ.

ಕಾರಣ ರೋಗಾಣು ಆರಿಸಿಕೊಳ್ಳುವ ಮನೆಯಲ್ಲಿದೆ. ನರತಂತುವಿಗೆ ಹೊದಿಕೆಯಾಗಿ, ಅದನ್ನು ಪೋಷಿಸುವ ಶ್ವಾನ್ ಕೋಶಗಳೊಳಗೇ ಅದು ಬೀಡುಬಿಡುತ್ತದೆ. ಅದರ ವಿರುದ್ಧ ದೇಹ ಹೂಡುವ ಯುದ್ಧದಲ್ಲಿ ನರ ಊದಿಕೊಂಡು, ಕೊನೆಗೆ ಗಟ್ಟಿ ಕಲೆಯಾಗುತ್ತದೆ. ಮೊಣಕೈ ಬಳಿಯ ನರ ಹೀಗೆ ಕೆಟ್ಟರೆ ಕಿರುಬೆರಳು, ಉಂಗುರಬೆರಳು ಮಡಚಿಕೊಂಡು ಜಡವಾಗುತ್ತವೆ. ಬಿಸಿ ಪಾತ್ರೆ ಹಿಡಿದರೂ ತಿಳಿಯದು. ಚರ್ಮ ಸುಟ್ಟ ಮೇಲೆ ಕಣ್ಣಿಗೆ ಕಂಡಾಗಲೇ ಗೊತ್ತು.

ವೆಲ್ಲೂರಿನಲ್ಲಿ ಡಾ. ಪಾಲ್ ಬ್ರ್ಯಾಂಡ್ 1940ರ ದಶಕದ ಕೊನೆಯಲ್ಲಿ ಬೇರೆ ದಾರಿ ಹಿಡಿದರು. ನರ ಸರಿಹೋಗದಿದ್ದರೆ, ಚೆನ್ನಾಗಿರುವ ಸ್ನಾಯುವೊಂದರ ಸ್ನಾಯುರಜ್ಜನ್ನು ಬೇರೆಡೆ ಜೋಡಿಸಿ ಬೆರಳು ಆಡುವಂತೆ ಮಾಡಿದರು. ಕೈಗೆ ದುಡಿಮೆ ಮರಳಿತು, ಸ್ಪರ್ಶ ಮರಳಲಿಲ್ಲ.

ಸ್ಪರ್ಶ ಬೇಕಾದರೆ ನರವೇ ಮತ್ತೆ ಬೆಳೆಯಬೇಕು. ಒಳ್ಳೆಯ ದಾರಿ ಸಿಕ್ಕರೂ ಅದು ದಿನಕ್ಕೆ ಸುಮಾರು 1 ಮಿಲಿಮೀಟರ್ ಮಾತ್ರ ಸಾಗುತ್ತದೆ. ನಡುವೆ ಕಲೆ ಅಡ್ಡ ಬಂದರೆ ಅಲ್ಲೇ ನಿಲ್ಲುತ್ತದೆ. ಕೆಟ್ಟ ತುಂಡನ್ನು ತೆಗೆದು, ರೋಗಿಯದೇ ಸ್ನಾಯುವಿನ ತುಣುಕನ್ನು ಸಂಸ್ಕರಿಸಿ ಸೇತುವೆಯಾಗಿ ಕೂರಿಸುವ ಪ್ರಯೋಗವನ್ನು ಭಾರತದ ಕುಷ್ಠರೋಗಿಗಳಲ್ಲಿ ಮಾಡಿದ ವರದಿ 1991ರಲ್ಲಿ ಬಂತು. ಕೆಲವರಿಗೆ ಸ್ಪರ್ಶ ಮರಳಿ, ವರ್ಷಗಳ ನಂತರವೂ ಉಳಿದಿತ್ತು.

ಕೊಬ್ಬು ಕಾಣಿಸಿಕೊಳ್ಳುವುದು ಇಲ್ಲಿಯೇ. ಕೈ ಮಡಚಿದಾಗಲೆಲ್ಲ ನರ ಜಾರಬೇಕು. ಅದಕ್ಕೆ ಸುತ್ತ ಮೆತ್ತಗಿನ ಹಾಸು ಬೇಕು. ಬಿಡಿಸಿದ ನರ ಮತ್ತೆ ಕಲೆಗೆ ಅಂಟಿಕೊಳ್ಳದಂತೆ ಕೊಬ್ಬಿನ ಪಟ್ಟಿಯನ್ನು ಸುತ್ತುವ ಶಸ್ತ್ರಚಿಕಿತ್ಸೆ ಮಣಿಕಟ್ಟಿನ ನರಕ್ಕೆ ಮೊದಲಿನಿಂದಲೂ ಬಳಕೆಯಲ್ಲಿದೆ. 2001ರಲ್ಲಿ ಪ್ಯಾಟ್ರೀಷಿಯಾ ಜುಕ್ ಮತ್ತು ಸಂಗಡಿಗರು, ಹೀರಿ ತೆಗೆದ ಕೊಬ್ಬಿನಲ್ಲೂ ಹಲವು ಬಗೆಯ ಅಂಗಾಂಶವಾಗಬಲ್ಲ ಕೋಶಗಳಿವೆ ಎಂದು ತೋರಿಸಿದರು. 2007ರಲ್ಲಿ ಪ್ರಯೋಗಾಲಯದಲ್ಲಿ ಅಂಥ ಕೋಶಗಳನ್ನು ಶ್ವಾನ್ ಕೋಶದಂತೆ ವರ್ತಿಸುವ ಹಾಗೆ ಮಾಡಿದ್ದೂ ಆಯಿತು. ರೋಗಾಣು ಹಾಳುಗೆಡವುವ ಕೋಶದ ಕೆಲಸವನ್ನೇ ಹೊಟ್ಟೆಯ ಬೊಜ್ಜು ವಹಿಸಿಕೊಳ್ಳಬಹುದೇ ಎಂಬ ಪ್ರಶ್ನೆ ಹೀಗೆ ಹುಟ್ಟಿತು.

ಉತ್ತರಕ್ಕೆ ಆಧಾರ ಹೆಚ್ಚಾಗಿ ಪ್ರಾಣಿಗಳ ಮೇಲಿನ ಪ್ರಯೋಗಗಳೇ. ಕಸಿ ಮಾಡಿದ ಕೊಬ್ಬಿನಲ್ಲಿ ಒಂದು ಪಾಲು ಕರಗಿಹೋಗುತ್ತದೆ. ವರ್ಷಗಟ್ಟಲೆ ಸತ್ತುಬಿದ್ದ ನರಕ್ಕೆ ಬರೀ ಹೊದಿಕೆಯಿಂದ ಜೀವ ಬಾರದು.

ಕುಷ್ಠರೋಗವು ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಉಳಿದಿಲ್ಲವೆಂದು ಭಾರತ 2005ರ ಕೊನೆಗೆ ಲೆಕ್ಕ ಕೊಟ್ಟಿತು. ಗುಣವಾಗಿಯೂ ಸ್ಪರ್ಶ ಕಳೆದುಕೊಂಡವರು ಆ ಲೆಕ್ಕದಲ್ಲಿಲ್ಲ. ಅವರು ಇಂದಿಗೂ ಸಂಜೆ ಕೂತು, ಬೆರಳು ಹೇಳದ ಗಾಯಗಳನ್ನು ಕಣ್ಣಿನಿಂದ ಹುಡುಕಬೇಕು.