ಹೋರಿ ನೆಟ್ಟಗೆ, ಗೂಟ ಮಾತ್ರ ವಾರೆ: ಈ ವಿಡಿಯೊ ನಕಲಿಯೇ?

ದೀಪಾವಳಿ ಕಳೆಯುತ್ತಿದ್ದಂತೆ ಹಾನಗಲ್ಲ, ಹಿರೇಕೆರೂರು, ಶಿಗ್ಗಾಂವಿ, ಸವಣೂರು ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹೋರಿಗಳದೇ ಓಟ. ಕೊರಳಿಗೆ ಕೊಬ್ಬರಿ ಸರ, ಕೋಡಿಗೆ ಬಲೂನು, ರಿಬ್ಬನ್ನು. ಹೋರಿ ಜನರ ನಡುವೆ ನುಗ್ಗುತ್ತದೆ, ಕೊಬ್ಬರಿ ಹರಿಯಲು ಹುಡುಗರು ಮುಗಿಬೀಳುತ್ತಾರೆ. ಆ ವಿಡಿಯೊಗಳ ಕೆಳಗೆ ಒಂದು ಜಗಳವೂ ಇದ್ದೇ ಇರುತ್ತದೆ. "ಹಿಂದಿನ ಬೇಲಿ ಗೂಟ ನೋಡ್ರಿ, ಎಲ್ಲಾ ವಾಲ್ಯಾವ, ಹೋರಿ ಮಾತ್ರ ನೆಟ್ಟಗೈತಿ. ಇದು ಎಡಿಟ್ ಮಾಡಿದ್ದು." "ಸ್ಪೀಡ್ ಹೆಚ್ಚು ಮಾಡ್ಯಾರ." "ಇದು ಎಐ."

ಅನುಮಾನ ಪಡುವುದು ಒಳ್ಳೆಯದೇ. ಆದರೆ ಇಲ್ಲಿ ಹೇಳಿದ ಎರಡು ಕಾರಣಗಳಿಂದ ಮಾತ್ರ ವಿಡಿಯೊ ನಕಲಿ ಎನ್ನಲು ಬರುವುದಿಲ್ಲ. ಗೂಟ ವಾಲುವುದು, ಓಟ ಕುಕ್ಕಿದಂತೆ ಕಾಣುವುದು ಎರಡನ್ನೂ ಕ್ಯಾಮೆರಾ ತಾನೇ ಮಾಡುತ್ತದೆ. ಅದರಲ್ಲೂ ಈಗ ಊರೂರಿನ ಸ್ಟುಡಿಯೊದವರ ಕೈಗೆ ಬಂದಿರುವ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಸೆಟ್ಟಿಂಗ್ ತಪ್ಪಿದರೆ ಇದು ಎದ್ದು ಕಾಣುತ್ತದೆ.

ಮಿರರ್‌ಲೆಸ್ ಅಂದರೆ ಕನ್ನಡಿ ಇಲ್ಲದ್ದು. ಹಳೆಯ ಡಿಎಸ್ಎಲ್ಆರ್‌ನಲ್ಲಿ ಲೆನ್ಸಿನಿಂದ ಬಂದ ಬೆಳಕನ್ನು ಒಂದು ಕನ್ನಡಿ ಮೇಲಕ್ಕೆ ತಿರುಗಿಸಿ ನಮ್ಮ ಕಣ್ಣಿಗೆ ಕಾಣಿಸುತ್ತಿತ್ತು. ಇಲ್ಲಿ ಬೆಳಕು ನೇರವಾಗಿ ಸೆನ್ಸರ್ ಮೇಲೆ ಬೀಳುತ್ತದೆ, ನಾವು ನೋಡುವುದು ಪುಟ್ಟ ಪರದೆಯನ್ನು. 2008ರಲ್ಲಿ ಬಂದ ಪ್ಯಾನಾಸೋನಿಕ್ ಜಿ1 ಈ ಬಗೆಯ ಮೊದಲ ಕ್ಯಾಮೆರಾಗಳಲ್ಲೊಂದು. ತಮಾಷೆಯೆಂದರೆ ಅದರಲ್ಲಿ ವಿಡಿಯೊ ತೆಗೆಯುವ ಸೌಲಭ್ಯವೇ ಇರಲಿಲ್ಲ! ಅದು ಬಂದದ್ದು ಮರುವರ್ಷದ ಜಿಎಚ್1ರಲ್ಲಿ.

ಓಟ ಕುಕ್ಕಿದಂತೆ ಕಾಣುವುದೇಕೆ?

ವಿಡಿಯೊ ಅನ್ನುವುದು ಒಂದರ ಹಿಂದೊಂದು ಓಡುವ ಫೋಟೊಗಳ ಸಾಲು. ಸೆಕೆಂಡಿಗೆ ಎಷ್ಟು ಫೋಟೊ ಎನ್ನುವುದು ಫ್ರೇಮ್ ರೇಟ್. ಪ್ರತಿ ಫೋಟೊ ಎಷ್ಟು ಹೊತ್ತು ಬೆಳಕು ಹಿಡಿಯುತ್ತದೆ ಎನ್ನುವುದು ಶಟರ್ ಸ್ಪೀಡ್. ಇವೆರಡೂ ಒಂದೇ ಎಂದು ತಿಳಿದವರು ಬಹಳ ಜನ.

ಹೋರಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಓಡುತ್ತಿದೆ ಎಂದುಕೊಳ್ಳಿ. ಅಂದರೆ ಸೆಕೆಂಡಿಗೆ ಸುಮಾರು 11 ಮೀಟರ್. ಶಟರ್ 1/50 ಸೆಕೆಂಡು ತೆರೆದಿದ್ದರೆ ಅಷ್ಟರಲ್ಲಿ ಹೋರಿ 22 ಸೆಂ.ಮೀ. ಮುಂದೆ ಹೋಗಿರುತ್ತದೆ, ಹಾಗಾಗಿ ಪ್ರತಿ ಫ್ರೇಮಿನಲ್ಲೂ ಅದರ ಅಂಚು ತುಸು ಕಲಸಿಕೊಳ್ಳುತ್ತದೆ. ಓಟ ನಮ್ಮ ಕಣ್ಣಿಗೆ ಸಹಜವಾಗಿ ಕಾಣುವುದು ಈ ಕಲಸಿನಿಂದಲೇ. ಶಟರ್ 1/1000ಕ್ಕೆ ಹೋದರೆ ಒಂದು ಫ್ರೇಮಿನಲ್ಲಿ ಹೋರಿ ಸರಿಯುವುದು ಬರೀ 1 ಸೆಂ.ಮೀ. ಚಿಲ್ಲರೆ. ಆಗ ಪ್ರತಿ ಫೋಟೊ ಚಾಕುವಿನಲ್ಲಿ ಕತ್ತರಿಸಿದಷ್ಟು ಚೂಪು. ಅವನ್ನು ಸಾಲಾಗಿ ಓಡಿಸಿದಾಗ ಹೋರಿ ಕುಪ್ಪಳಿಸಿದಂತೆ, ಯಾರೋ ವೇಗ ಹೆಚ್ಚಿಸಿದಂತೆ ಅನ್ನಿಸುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ಕ್ಯಾಮೆರಾ ಆಟೊದಲ್ಲಿದ್ದರೆ ಆಗುವುದು ಇದೇ. ಬೆಳಕು ವಿಪರೀತ ಇರುವುದರಿಂದ ಅದು ಶಟರನ್ನು ಓಡಿಸಿಬಿಡುತ್ತದೆ.

ಫ್ರೇಮ್ ರೇಟಿನ ದುಪ್ಪಟ್ಟು ಶಟರ್ ಸ್ಪೀಡ್ ಇಡಿ ಎಂಬ ನಿಯಮ ಹುಟ್ಟಿದ್ದು ಹೀಗೆ. ಸಿನಿಮಾ ಕ್ಯಾಮೆರಾದಲ್ಲಿ ರೀಲಿನ ಮುಂದೆ ಅರ್ಧ ಕತ್ತರಿಸಿದ ತಟ್ಟೆ ತಿರುಗುತ್ತಿತ್ತು. ಅರ್ಧ ಹೊತ್ತು ಬೆಳಕು, ಅರ್ಧ ಹೊತ್ತು ಕತ್ತಲೆ. 25 ಫ್ರೇಮಿಗೆ 1/50 ಎಂಬ ಲೆಕ್ಕ ಅಲ್ಲಿಂದ ಬಂದದ್ದು. ಬಿಸಿಲಿನಲ್ಲಿ 1/50, ಐಎಸ್ಒ 100, ಎಫ್ 4 ಇಟ್ಟರೆ ಚಿತ್ರ ಬೆಳ್ಳಗೆ ಸುಟ್ಟುಹೋಗುತ್ತದೆ, ನಿಜ. ಅದಕ್ಕೇ ಲೆನ್ಸಿಗೆ ಎನ್‌ಡಿ ಫಿಲ್ಟರ್ ಎಂಬ ತಂಪು ಕನ್ನಡಕ. ಬೆಳಕನ್ನು 32ರಲ್ಲಿ ಒಂದು ಪಾಲಿಗೆ ಇಳಿಸುವ ಎನ್‌ಡಿ32 ಇಲ್ಲಿಗೆ ಸರಿಹೋಗುತ್ತದೆ.

ಹಾಗಾದರೆ ವೇಗ ನಿಜವಾಗಿಯೂ ಹೆಚ್ಚಿಸಿದ್ದಾರೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಹೋರಿಯನ್ನು ಬಿಡಿ, ಬೀಳುವ ವಸ್ತುವನ್ನು ನೋಡಿ. ಕೊಬ್ಬರಿ ಸರ ಹರಿದು ಒಂದು ಬಟ್ಟಲು ನೇರ ಕೆಳಗೆ ಬಿದ್ದರೆ, ಒಂದು ಮೀಟರ್ ಬೀಳಲು ಅದಕ್ಕೆ ಸುಮಾರು 0.45 ಸೆಕೆಂಡು ಬೇಕು. ಸೆಕೆಂಡಿಗೆ 25 ಫ್ರೇಮಿನ ವಿಡಿಯೊದಲ್ಲಿ ಅದು ಸುಮಾರು 11 ಫ್ರೇಮು. ಐದಾರು ಫ್ರೇಮಿನಲ್ಲೇ ನೆಲ ಮುಟ್ಟಿದರೆ ಯಾರೋ ಓಡಿಸಿದ್ದಾರೆ. ಇಪ್ಪತ್ತು ದಾಟಿದರೆ ನಿಧಾನ ಮಾಡಿದ್ದಾರೆ. ಗುರುತ್ವಾಕರ್ಷಣೆಗೆ ಲೈಕು, ಶೇರು ಬೇಕಿಲ್ಲ.

ಇನ್ನು ಗೂಟದ ವಿಷಯ

ಹೆಚ್ಚಿನ ಮಿರರ್‌ಲೆಸ್ ಕ್ಯಾಮೆರಾಗಳು, ನಿಮ್ಮ ಫೋನ್ ಕೂಡ, ಇಡೀ ಚಿತ್ರವನ್ನು ಒಂದೇ ಕ್ಷಣದಲ್ಲಿ ಹಿಡಿಯುವುದಿಲ್ಲ. ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ, ಪುಸ್ತಕ ಓದಿದಂತೆ ಓದುತ್ತಾ ಬರುತ್ತವೆ. ಇದು ರೋಲಿಂಗ್ ಶಟರ್. ಹೋರಿ ಬಲಕ್ಕೆ ಓಡುತ್ತಿದೆ, ಕ್ಯಾಮೆರಾದವನೂ ಅದರ ಜೊತೆ ಬಲಕ್ಕೆ ತಿರುಗಿಸುತ್ತಿದ್ದಾನೆ. ಆಗ ಚಿತ್ರದಲ್ಲಿ ಗೂಟಗಳು ಎಡಕ್ಕೆ ಸರಿಯುತ್ತವೆ. ಗೂಟದ ತಲೆಯನ್ನು ಮೊದಲು, ಬುಡವನ್ನು ಆಮೇಲೆ ಓದುವುದರಿಂದ ಬುಡ ಇನ್ನಷ್ಟು ಎಡಕ್ಕೆ ಹೋಗಿರುತ್ತದೆ. ಗೂಟ ಬಲಕ್ಕೆ ವಾಲಿದಂತೆ ಕಾಣುತ್ತದೆ. ಹೋರಿ ಮಾತ್ರ ಕ್ಯಾಮೆರಾದ ಜೊತೆಜೊತೆಗೇ ಸಾಗುವುದರಿಂದ ಚೌಕಟ್ಟಿನಲ್ಲಿ ಇದ್ದಲ್ಲೇ ಇರುತ್ತದೆ, ನೆಟ್ಟಗೂ ಇರುತ್ತದೆ. "ಹೋರಿಯನ್ನು ಅಂಟಿಸಿದ್ದಾರೆ" ಎಂಬ ಅನುಮಾನ ಬರುವುದು ಇಲ್ಲಿಂದ.

ಪರೀಕ್ಷೆ ಸುಲಭ. ಕ್ಯಾಮೆರಾ ನಿಂತ ಕೂಡಲೇ ಗೂಟ ನೆಟ್ಟಗಾಗಬೇಕು. ಎಡಕ್ಕೆ ತಿರುಗಿದರೆ ಎಡಕ್ಕೆ ವಾಲಬೇಕು. ಹಾಗಾದರೆ ಅದು ರೋಲಿಂಗ್ ಶಟರ್, ಕೈಚಳಕವಲ್ಲ. ಎಲ್ಲ ಸಾಲನ್ನೂ ಒಮ್ಮೆಲೇ ಓದುವ ಸೋನಿ ಎ9-3ರಂಥ ಕ್ಯಾಮೆರಾ 2023ರಲ್ಲಿ ಪ್ರಕಟವಾಯಿತು, ಆದರೆ ಅದರ ಬೆಲೆಗೆ ಒಳ್ಳೆಯ ಹೋರಿಯೇ ಬರುತ್ತದೆ.

ಪರದೆಯಲ್ಲಿ ದೂರ, ಅಖಾಡದಲ್ಲಿ ಹತ್ತಿರ

ದೂರದಲ್ಲಿ ನಿಂತು ಉದ್ದ ಲೆನ್ಸಿನಿಂದ ತೆಗೆದ ವಿಡಿಯೊದಲ್ಲಿ ಹತ್ತು ಮೀಟರ್ ಅಂತರದಲ್ಲಿರುವ ಹುಡುಗನೂ ಹೋರಿಯ ಕೋಡಿಗೆ ತಾಗಿದಂತೆ ಕಾಣುತ್ತಾನೆ. ಫೋನಿನ ಅಗಲ ಲೆನ್ಸಿನಲ್ಲಿ ಇದರ ತಿರುಗುಮುರುಗು: ಇಪ್ಪತ್ತು ಮೀಟರ್ ಆಚೆಯ ಹೋರಿ ಪರದೆಯಲ್ಲಿ ಸಣ್ಣದಾಗಿ, ಇನ್ನೂ ಎಲ್ಲೋ ಇದ್ದಂತೆ ಕಾಣುತ್ತದೆ. ಮೇಲಿನ ಲೆಕ್ಕದಲ್ಲಿ ಆ ಇಪ್ಪತ್ತು ಮೀಟರ್ ದಾಟಲು ಅದಕ್ಕೆ ಎರಡು ಸೆಕೆಂಡೂ ಬೇಡ. ಈ ಸ್ಪರ್ಧೆಗಳಲ್ಲಿ ಬರೀ ನೋಡಲು ಬಂದವರೂ ಹೋರಿ ತಿವಿದು ಸತ್ತಿದ್ದಾರೆ. ಪರದೆ ನೋಡುತ್ತಾ ಅಖಾಡದೊಳಗೆ ನಿಲ್ಲುವವರಿಗೆ ಯಾವ ಸೆಟ್ಟಿಂಗೂ ನೆರವಾಗದು. ಬೇಲಿಯ ಹೊರಗೆ, ಎತ್ತರದಲ್ಲಿ ನಿಂತು ಉದ್ದ ಲೆನ್ಸ್ ಹಾಕಿ. ವಿಡಿಯೊ ಕೂಡ ಚೆನ್ನಾಗಿ ಬರುತ್ತದೆ.

ಸಂಜೆ ಬಹುಮಾನ ಕೊಡುವಾಗ ವೇದಿಕೆಯ ದೀಪದ ಕೆಳಗೆ ಕಪ್ಪು ಪಟ್ಟಿಗಳು ಹರಿದಾಡುತ್ತವಲ್ಲ, ಅದಕ್ಕೆ ಕಾರಣ ನಮ್ಮ 50 ಹರ್ಟ್ಸ್ ಕರೆಂಟು. ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಶಟರ್ 1/50 ಅಥವಾ 1/100 ಇಟ್ಟರೆ ಪ್ರತಿ ಫ್ರೇಮಿಗೂ ಪೂರ್ತಿ ಮಿಣುಕು ಸಿಗುತ್ತದೆ, ಪಟ್ಟಿ ಮಾಯ. 1/60 ಇಟ್ಟರೆ ಪಟ್ಟಿ ಖಚಿತ. ಸ್ಲೋ ಮೋಷನ್‌ಗೆಂದು 1/200ಕ್ಕೆ ಹೋದರೂ ಅಷ್ಟೇ; ಅದನ್ನು ಬಿಸಿಲಿಗೆ ಉಳಿಸಿಕೊಳ್ಳಿ.

ಹಾನಗಲ್ಲಿನ ತಾರಕೇಶ್ವರ ಗುಡಿಯ ಛಾವಣಿಯ ಕಮಲವನ್ನು ತೆಗೆಯಲು ಹೋದವರಿಗೆ ಬೇರೆಯೇ ತೊಂದರೆ. ಕತ್ತಲು. ಐಎಸ್ಒ ಏರಿಸಿದರೆ ಕ್ಯಾಮೆರಾಕ್ಕೆ ಹೆಚ್ಚು ಬೆಳಕು ಸಿಗುತ್ತದೆ ಎಂಬ ನಂಬಿಕೆ ತಪ್ಪು. ಸರಿಯಾಗಿ ಸಿಗದ ರೇಡಿಯೊ ಸ್ಟೇಷನ್ನಿನ ಸದ್ದು ಹೆಚ್ಚಿಸಿದ ಹಾಗೆ ಅದು, ಹಾಡಿನ ಜೊತೆ ಗೊರಗೊರವೂ ಏರುತ್ತದೆ. ಕಮಲ ಅಲುಗಾಡುವುದಿಲ್ಲವಾದ್ದರಿಂದ ಅಲ್ಲಿ ಶಟರನ್ನು 1/25ಕ್ಕೆ ಇಳಿಸಿದರೂ ನಡೆಯುತ್ತದೆ, ಕೈ ಗಟ್ಟಿ ಇರಬೇಕಷ್ಟೆ.

ಇಷ್ಟೆಲ್ಲ ಮಾಡಿ 4ಕೆಯಲ್ಲಿ ತೆಗೆದದ್ದನ್ನು ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿನಂತೆ ಕಳಿಸಿದರೆ ಅದು ಕುಗ್ಗಿಸಿಬಿಡುತ್ತದೆ. ತೆಗೆದ ದಿನ, ಕ್ಯಾಮೆರಾ ಯಾವುದು ಎಂಬ ಒಳವಿವರಗಳೂ ದಾರಿಯಲ್ಲಿ ಉದುರುತ್ತವೆ. ಹಾಗಾಗಿ ಹತ್ತು ಕೈ ದಾಟಿ ಬಂದ ವಿಡಿಯೊ ಹಿಡಿದು ಅಸಲಿ–ನಕಲಿ ಎಂದು ಜಗಳವಾಡುವ ಬದಲು ತೆಗೆದವರಿಂದಲೇ ಮೂಲ ಫೈಲು ಕೇಳಿ. ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಿದರೆ 2 ಜಿಬಿವರೆಗೆ ಇದ್ದದ್ದು ಇದ್ದ ಹಾಗೇ ಬರುತ್ತದೆ.