ಮಿಸಿಸಿಪಿ ಹೊಳಿ ದಂಡಿ ಊರುಗಳು, ಮತ್ತ ಸಕ್ಕರಿ ಕಡಾಯಿ

ಅಮೇರಿಕಾದಿಂದ ಬಂದಾಗಿಂದ ಓಣ್ಯಾಗ ಎಲ್ಲಾರದೂ ಒಂದ ಪ್ರಶ್ನಿ. "ಏನ್ರೀ ವೈನಿ, ಏಳು ರಾತ್ರಿ ಹಡಗಿನ್ಯಾಗ ಇದ್ರಂತಲ್ಲಾ, ವಾಂತಿ ಬರಲಿಲ್ಲೇನು?" ಇಲ್ರೀ, ಬರಲಿಲ್ಲ. ಅದು ಸಮುದ್ರದ ಹಡಗಲ್ಲ, ಹೊಳಿ ಮ್ಯಾಲಿನ ಹಡಗು. ಹಿಂದ ಕೆಂಪು ಬಣ್ಣದ ದೊಡ್ಡ ಗಾಲಿ ನೀರು ಹೊಡಕೋತ ತಿರಗತದ, ಹಡಗು ತನ್ನಪಾಡಿಗೆ ತಾನು ಮೆಲ್ಲಕ ಹೋಗತದ. ಮೇಜಿನ ಮ್ಯಾಲಿನ ಚಾ ಸುದ್ದಾ ಅಳ್ಳಾಡೂದಿಲ್ಲ.

ಮಗಳು ಇರೋದು ಹ್ಯೂಸ್ಟನ್‌ದಾಗ. ನಮ್ಮನಿಯವರಿಗೆ ಮೊಣಕಾಲು ನೋವು, ಭಾಳ ನಡಿಯೂದು ಆಗೂದಿಲ್ಲ. ಅದಕ್ಕ ಅಳಿಯಂದ್ರು ಈ ಉಪಾಯ ಹುಡುಕಿದ್ರು. ನ್ಯೂ ಆರ್ಲಿಯನ್ಸ್‌ನಿಂದ ಮಿಸಿಸಿಪಿ ಹೊಳಿ ಮ್ಯಾಲೆ ಉತ್ತರಕ್ಕ ವಿಕ್ಸ್‌ಬರ್ಗ್ ತನಕಾ, ನಡುವ ಹಳೇ ಹಳೇ ಊರು ನೋಡಕೋತ. ನಾ ಪಿಯುಸಿ ತನಕಾ ಕಲತಾಕಿ. ಅಮೇರಿಕಾದ ಇತಿಹಾಸ ಅಂದ್ರ ನನಗ ಗೊತ್ತಿದ್ದದ್ದು ಇಷ್ಟ: ಲಿಂಕನ್ ಗುಲಾಮಗಿರಿ ತಗದಾ, ಅವಂಗ ಗುಂಡು ಹೊಡದ್ರು. ಎರಡು ಮಾರ್ಕಿನ ಪ್ರಶ್ನಿ, ಅಷ್ಟಕ್ಕ ಮುಗೀತು.

ನ್ಯೂ ಆರ್ಲಿಯನ್ಸ್ 1718ರಾಗ ಫ್ರೆಂಚರು ಕಟ್ಟಿದ ಊರು. ನಡುವ ಸ್ಪೇನಿನವರ ಕೈಗೆ ಹೋತು, ಮತ್ತ ಫ್ರೆಂಚರ ಕೈಗೆ ಬಂತು. 1803ರಾಗ ನೆಪೋಲಿಯನ್ ಆ ಊರನ್ನ ಸುತ್ತಲಿನ ಇಡೀ ಸೀಮಿ ಸಮೇತ ಒಂದೂವರೆ ಕೋಟಿ ಡಾಲರಿಗೆ ಅಮೇರಿಕಾದವರಿಗೆ ಮಾರಿಬಿಟ್ಟ. ಹಿಂಗಾಗಿ ಅಲ್ಲಿ ಅಡಗಿನೂ ಮೂರ್ನಾಲ್ಕು ಸೀಮಿದು. ಗಂಬೊ ಅಂತ ಒಂದು ಗಟ್ಟಿ ಸಾರು ಮಾಡ್ತಾರ, ಅನ್ನಕ್ಕ ಹಾಕ್ಕೊಂಡು ತಿಂತಾರ. ಆ ಹೆಸರು ಬಂದದ್ದು ಆಫ್ರಿಕಾದವರು ಬೆಂಡಿಕಾಯಿಗೆ ಅನ್ನೋ ಮಾತಿನಿಂದ. ಬೆಂಡಿಕಾಯಿ ಲೋಳಿನ ಆ ಸಾರು ಗಟ್ಟಿ ಆಗಲಿಕ್ಕೆ ಬೇಕು. ನಾವು ಆ ಲೋಳಿ ಹೋಗ್ಲಿ ಅಂತ ಹುಳಿ ಹಿಂಡಿ ಒದ್ದಾಡತೀವಿ, ಅವರಿಗೆ ಅದ ಬೇಕು! ಸೋಮವಾರ ಅಲ್ಲಿ ಕೆಂಪು ಬೀನ್ಸು ಮತ್ತ ಅನ್ನ. ಯಾಕಂದ್ರ ಹಿಂದ ಸೋಮವಾರ ಅರಬಿ ಒಗಿಯೋ ದಿನ. ಒಲಿ ಮ್ಯಾಲೆ ಬೀನ್ಸಿಟ್ಟು ಅರಬಿ ಒಗೀಲಿಕ್ಕೆ ಹೋದ್ರ, ಒಗ್ಯಾಣ ಮುಗಿಯೂದರಾಗ ಬೀನ್ಸು ತಾನ ಕುದ್ದಿರತಿತ್ತು. ಹೆಂಗಸರ ಬುದ್ಧಿ ಎಲ್ಲಾ ದೇಶದಾಗೂ ಒಂದ. ಖರೆ ಅದರಾಗ ಹಂದಿ ಎಲುಬು ಹಾಕಿರತಾರ, ಅದಕ್ಕ ನಮಗ ಬರೇ ವಾಸನಿ ಅಷ್ಟ.

ಎರಡನೇ ದಿನ ಮುಂಜಾನೆ ಡೆಕ್ಕಿನ ಮ್ಯಾಲೆ ನಿಂತಿದ್ದೆ. ಹೊಳಿಯ ಎರಡೂ ದಂಡಿಗೆ ಮಣ್ಣಿನ ಎತ್ತರ ಒಡ್ಡು ಹಾಕ್ಯಾರ, ಮ್ಯಾಲಿನ ಅಂತಸ್ತಿಗೆ ಹತ್ತಿದ್ರನ ಆಚಿಕಿನ ಹೊಲ ಕಾಣತಾವ. ಹೊಲದಾಗ ಏನದ ನೋಡತೇನಿ, ಕಬ್ಬು! ಮಾರ್ಚ್ ತಿಂಗಳು, ಕುಳೆ ಕಬ್ಬು ಗೇಣುದ್ದ ಚಿಗತಿತ್ತು. ನನ್ನ ತವರಮನಿ ಜಮಖಂಡಿ ಕಡೆ. ಅಪ್ಪಂದು ಕಬ್ಬಿನ ಹೊಲ, ಹೊಲದಾಗನ ಬೆಲ್ಲದ ಗಾಣ. ಅಷ್ಟು ದೂರ ಬಂದು ಕಬ್ಬು ಕಂಡ ಕೂಡಲೆ ನಮ್ಮನಿಯವರನ್ನ ಎಬ್ಬಿಸಿ ಕರಕೊಂಡು ಬಂದೆ. ಅವರು "ಇದನ್ನ ನೋಡಲಿಕ್ಕೆ ಇಷ್ಟು ರೊಕ್ಕ ಹಾಕಿ ಬಂದ್ವೇನು" ಅಂದು ಮತ್ತ ಮಲಗಲಿಕ್ಕೆ ಹೋದ್ರು.

ಅವತ್ತು ಇಳದದ್ದು ವಿಟ್ನಿ ಪ್ಲಾಂಟೇಶನ್ನಿಗೆ. ಆ ಹೊಳಿ ದಂಡಿಗೆ ಇಂಥವು ಭಾಳ ಅವ. ಬಿಳೇ ಕಂಬದ ದೊಡ್ಡ ಮನಿ, ಹಿಂದ ನೂರಾರು ಎಕರೆ ಕಬ್ಬು. ಎಷ್ಟೋ ಕಡೆ ದೊಡ್ಡ ಮನಿಯ ಝುಂಬರು, ಪಲ್ಲಂಗ ಮೊದಲು ತೋರಸ್ತಾರ. 2014ರಾಗ ಮ್ಯೂಸಿಯಂ ಆದ ವಿಟ್ನಿಯೊಳಗ ಹಂಗಿಲ್ಲ. ಅಲ್ಲಿ ದುಡದ ಗುಲಾಮರ ಕಥಿ ಮೊದಲು, ಮನಿ ಕಡೀಕ.

ಅಲ್ಲಿ ಹುಲ್ಲಿನ ಮ್ಯಾಲೆ ಹಳೇ ಕಬ್ಬಿಣದ ಕಡಾಯಿ ಇಟ್ಟಾರ, ಮನುಷ್ಯ ಕೂತು ಜಳಕಾ ಮಾಡೋವಷ್ಟು ದೊಡ್ಡವು. ಗೈಡ್ ಹೆಣ್ಣಮಗಳು ಇವು ಏನು ಅಂತ ಕೇಳಿದ್ಲು. ನಾನ ಮೊದಲು ಕೈ ಎತ್ತಿದೆ ನೋಡ್ರಿ. ಕಬ್ಬಿನ ಹಾಲು ಕಾಸೋ ಕಡಾಯಿ ನನಗ ಗೊತ್ತಿರದ ಇನ್ಯಾರಿಗೆ ಗೊತ್ತಿರಬೇಕು!

ಅವರ ಪದ್ಧತಿ ಹಿಂಗಿತ್ತು. ನಾಲ್ಕೈದು ಕಡಾಯಿ ಸಾಲಾಗಿ, ದೊಡ್ಡದು ಮೊದಲು, ಸಣ್ಣದು ಕಡೀಕ, ಕೆಳಗ ಒಂದ ಉರಿ. ಹಾಲು ಕುದ್ದಂಗ ನೊರಿ ತಗದು, ಉದ್ದನ್ನ ಹಿಡಕಿ ಇದ್ದ ಸೌಟಿನಿಂದ ಒಂದರಿಂದ ಇನ್ನೊಂದಕ್ಕ ಎತ್ತಿ ಹಾಕಬೇಕು. ಕಡೀ ಕಡಾಯಿಗೆ ಬರೂದರಾಗ ಅದು ಅಂಟಪಾಕ. ಮೈಮ್ಯಾಲೆ ಸಿಡದ್ರ ಚರ್ಮ ಹಿಡಕೊಂಡ ಬರತದ. ಅಲ್ಲಿ 1795ರಾಗ ಎಟಿಯೆನ್ ದ ಬೋರೆ ಅನ್ನೋ ಸಾವಕಾರ ಕಬ್ಬಿನಿಂದ ಹರಳು ಸಕ್ಕರಿ ತಗದು ಲಾಭ ಮಾಡಿ ತೋರಿಸಿದ. ಅದರ ಮ್ಯಾಲೆ ಹೊಳಿ ದಂಡಿ ತುಂಬ ಕಬ್ಬ ಕಬ್ಬು ಆತು. ಅಲ್ಲಿ ಚಳಿಗಾಲಕ್ಕ ಹಿಮ ಬೀಳತದ, ಬಿದ್ರ ಕಬ್ಬು ಕೆಡತದ. ಅದಕ್ಕ ಅಕ್ಟೋಬರಿನಿಂದ ಹಗಲು ರಾತ್ರಿ ಪಾಳಿ ಹಚ್ಚಿ ಕಡಿಸೂದು, ಅರಿಯೂದು, ಕಾಸೂದು. ನಿದ್ದಿಗಣ್ಣಿನ್ಯಾಗ ಗಾಣದೊಳಗ ಕೈ ಸಿಕ್ಕವರೆಷ್ಟೋ. ಆ ಸಕ್ಕರಿ ಸೀಮಿಯೊಳಗ ಹುಟ್ಟೋ ಗುಲಾಮ ಮಕ್ಕಳಿಗಿಂತ ಸಾಯೋ ಮಂದಿನ ಹೆಚ್ಚಿದ್ರು.

ಇದರಾಗ ಒಬ್ಬಂದು ಕಥಿ ಹೇಳಲೇಬೇಕು. ನಾರ್ಬರ್ಟ್ ರಿಲ್ಯೂ, 1806ರಾಗ ನ್ಯೂ ಆರ್ಲಿಯನ್ಸ್‌ದಾಗ ಹುಟ್ಟಿದಂವ. ಅಪ್ಪ ಬಿಳಿಯ, ಅವ್ವ ಮಿಶ್ರ ವರ್ಣದ ಸ್ವತಂತ್ರ ಹೆಣ್ಣಮಗಳು. ಅಪ್ಪ ಪ್ಯಾರಿಸ್ಸಿಗೆ ಕಳಿಸಿ ಓದಿಸಿದ. ಅಂವ ತಿರುಗಿ ಬಂದು ಏನು ಮಾಡಿದಾ ಅಂದ್ರ, ಕಡಾಯಿ ಮುಚ್ಚಿ ಒಳಗಿನ ಗಾಳಿ ಒತ್ತಡ ಕಡಿಮಿ ಮಾಡಿದ. ನಮ್ಮ ಕುಕ್ಕರ್ ಅದಲ್ಲಾ, ಅದರ ಉಲ್ಟಾ. ಒತ್ತಡ ಕಡಿಮಿ ಆದ್ರ ಕಡಿಮಿ ಕಾವಿನ್ಯಾಗ ಕುದೀತದ, ಸಕ್ಕರಿ ಹೊತ್ತೂದಿಲ್ಲ. ಮೊದಲನೇ ಪಾತ್ರಿಯಿಂದ ಏಳೋ ಉಗಿಯಿಂದನ ಎರಡನೇದು ಕಾಯತದ, ಎರಡನೇದರಿಂದ ಮೂರನೇದು. 1843ರಾಗ ಇದಕ್ಕ ಪೇಟೆಂಟ್ ಸಿಕ್ತು. ಸೌಟು ಹಿಡಿಯೋ ಕೆಲಸ ತಪ್ಪಿತು, ಉರವಲು ಉಳೀತು. ಇವತ್ತಿಗೂ ನಮ್ಮ ಕಡೆ ಸಕ್ಕರಿ ಫ್ಯಾಕ್ಟರ್ಯಾಗ ಹಾಲು ಇಂಗಸೂದು ಅದ ತತ್ವದ ಮ್ಯಾಲೆ. ನಾವು ಚಾಕ್ಕ ಹಾಕೋ ಸಕ್ಕರಿ ಹಿಂದ ಅವನ ಬುದ್ಧಿ ಅದ, ನಾ ಮಾತ್ರ ಅವನ ಹೆಸರು ಐವತ್ತು ದಾಟಿದ ಮ್ಯಾಲೆ ಕೇಳಿದೆ. ಕಡೀಕ ಅಂವ ಆ ಊರು ಬಿಟ್ಟು ಪ್ಯಾರಿಸ್ಸಿಗೆ ಹೋಗಿ 1894ರಾಗ ಅಲ್ಲೇ ತೀರಕೊಂಡ.

ವಿಟ್ನಿಯೊಳಗ ಕಲ್ಲಿನ ಗ್ವಾಡಿ ಮ್ಯಾಲೆ ಹೆಸರು ಕೆತ್ಯಾರ. ಗ್ವೆಂಡೋಲಿನ್ ಮಿಡ್ಲೋ ಹಾಲ್ ಅಂತ ಒಬ್ಬ ಇತಿಹಾಸಕಾರ್ತಿ ಹಳೇ ಕಚೇರಿ ಕಾಗದಾ ಹುಡುಕಿ ಲೂಸಿಯಾನಾದ ಗುಲಾಮರ ಪಟ್ಟಿ ಮಾಡಿದ್ರು, 1,07,000 ಹೆಸರು. ಮಗ್ಗಲಕ್ಕ ಸಣ್ಣ ಮಕ್ಕಳ ನೆನಪಿನ ಜಾಗಾ ಅದ, ಆ ಒಂದ ಸೀಮಿಯೊಳಗ ತೀರಿಹೋದ ಸುಮಾರು 2,200 ಮಕ್ಕಳು. ಅಲ್ಲಿ ನನಗ ಭಾಳ ಹೊತ್ತು ನಿಂದರ್ಲಿಕ್ಕೆ ಆಗಲಿಲ್ಲ.

ವಾಪಸ್ ಬರೋ ಮುಂದ ಬಸ್ಸಿನ್ಯಾಗ ನನಗ ನಮ್ಮ ಗಾಣದಾಗ ನೊರಿ ತಗಿತಿದ್ದ ಮುದುಕಿ ನೆನಪಾದ್ಲು. ಕೈ ತುಂಬ ಸುಟ್ಟ ಕಲಿ. ನನಗ ಬಿಸಿ ಬೆಲ್ಲ ಎಲಿ ಮ್ಯಾಲೆ ಹಾಕಿ ಕೊಡತಿದ್ಲು. ಹೆಸರು ಎಷ್ಟು ನೆನಸಿಕೊಂಡ್ರೂ ಬರಲಿಲ್ಲ.

ಮರುದಿನ ಓಕ್ ಆಲಿ. ಸಿನಿಮಾದಾಗ ತೋರಸಿದಂಗ ಎರಡು ಸಾಲು ದೊಡ್ಡ ಗಿಡ, ಒಟ್ಟು 28. ಫೋಟೋ ನೀವೆಲ್ಲಾ ನೋಡಿ ಛಲೋ ಅಂದ್ರಿ. ಆದ್ರ ಆ ಮನ್ಯಾಗ ನಾ ನೋಡಿದ್ದು ಗಿಡ ಅಲ್ಲ, ಆಂತ್ವಾನ್ ಅನ್ನೋ ಮಾಲಿ ಹೆಸರು. ಪೀಕಾನ್ ಅಂತ ಅಕ್ರೋಡದಂಥ ಕಾಯಿ ಅದ, ಅದನ್ನ ಬೀಜ ಹಾಕಿ ಬೆಳಸಿದ್ರ ಎಂಥಾದು ಬರತದ ಹೇಳಲಿಕ್ಕೆ ಬರೂದಿಲ್ಲ. ಈ ಆಂತ್ವಾನ್ 1846-47ರ ಚಳಿಗಾಲದಾಗ ಕಸಿ ಕಟ್ಟಿ ಒಂದ ನಮೂನಿ ತೆಳು ಸಿಪ್ಪಿ ಕಾಯಿ ಬರೂಹಂಗ ಮಾಡಿದ. 1876ರ ಫಿಲಡೆಲ್ಫಿಯಾ ಪ್ರದರ್ಶನದಾಗ ಅದಕ್ಕ ಬಹುಮಾನ ಬಂತು. ಯಜಮಾನ ಸತ್ತಾಗ ಆಸ್ತಿ ಪಟ್ಟಿ ಮಾಡಿದ್ರಲ್ಲಾ, ಅದರಾಗ ಎತ್ತು, ಗಾಡಿ, ಕುರ್ಚಿ ಜೋಡಿ ಆಂತ್ವಾನ್‌ನೂ ಒಂದು ಕಲಮು: ಕಸಿ ಕಟ್ಟೋ ಮಾಲಿ, ಬೆಲಿ 1,000 ಡಾಲರ್. ಅಡ್ಡಹೆಸರಿಲ್ಲ, ಅಪ್ಪನ ಹೆಸರಿಲ್ಲ. ಅವತ್ತು ರಾತ್ರಿ ಹಡಗಿನ್ಯಾಗ ಊಟದ ಮ್ಯಾಲೆ ಪೀಕಾನ್ ಪೈ ಕೊಟ್ರು. ತಿಂದೆ, ಸುಳ್ಳ ಯಾಕ ಹೇಳ್ಲಿ, ರುಚಿ ಇತ್ತು.

ಬ್ಯಾಟನ್ ರೂಜ್‌ದಾಗ ದೊಡ್ಡ ವಿಧಾನಸೌಧ ಅದ, 34 ಅಂತಸ್ತು. ಲಿಫ್ಟಿನ್ಯಾಗ ಹತ್ತಿ ಇಳದ್ವಿ, ಆತು.

ನ್ಯಾಚೆಜ್ ಮಾತ್ರ ನೋಡೂವಂಥ ಊರು. ಹೊಳಿ ದಂಡಿಗೆ ಎತ್ತರ ದಿನ್ನಿ, ದಿನ್ನಿ ಮ್ಯಾಲೆ ಹತ್ತಿ ಸಾವಕಾರ್ರ ಮನಿ. ಹತ್ತಿ ಹೊಲ ಹೊಳಿ ಆಚೀಕ, ಮನಿ ಈಚೀಕ. ಅದರಾಗ ಲಾಂಗ್‌ವುಡ್ ಅಂತ ಎಂಟು ಮೂಲಿ ಮನಿ. 1860ರಾಗ ಹಾಲರ್ ನಟ್ ಅನ್ನೋ ಸಾವಕಾರ ಕಟ್ಟಸಲಿಕ್ಕೆ ಸುರು ಮಾಡಿದ, ಕುಶಲ ಕೆಲಸಗಾರ್ರನ್ನ ಉತ್ತರದಿಂದ ಕರಸಿದ್ದ. ಮುಂದ 1861ರಾಗ ಉತ್ತರ-ದಕ್ಷಿಣದ ಯುದ್ಧ ಹತ್ತಿತು, ಅವರೆಲ್ಲಾ ಹತಾರ ಅಲ್ಲೇ ಬಿಟ್ಟು ಊರಿಗೆ ಓಡಿದ್ರು. 1864ರಾಗ ಯಜಮಾನನೂ ಸತ್ತ. ಹೆಂಡತಿ ಮಕ್ಕಳು ನೆಲಮಾಳಿಗಿಯೊಳಗ ದಿನಾ ತಗದ್ರು. ಮ್ಯಾಲಿನ ಅಂತಸ್ತು ಇವತ್ತಿಗೂ ಗಿಲಾವಿಲ್ಲದ ಹಂಗ ಅವ, ನಡುವ ನಿಂತು ಮ್ಯಾಲೆ ನೋಡಿದ್ರ ಬರೇ ತೊಲಿ ಕಾಣತಾವ.

ಇಂಥ ಮನಿ ಉಳದದ್ದು ಹೆಂಗಸರಿಂದ. ಬಡತನ ಬಂದು ಮನಿ ಸೋರತಿದ್ದ ಕಾಲದಾಗ, 1932ರಾಗ, ಅಲ್ಲಿನ ಗಾರ್ಡನ್ ಕ್ಲಬ್ಬಿನ ಹೆಣ್ಣಮಕ್ಕಳು ತಮ್ಮ ಮನಿ ಬಾಗಲಾ ತಗದು ಟಿಕೇಟ್ ಇಟ್ರು. ಅಜ್ಜಿ ಕಾಲದ ಘೇರಿನ ಪರಕಾರ ಹಾಕ್ಕೊಂಡು ಬಂದವರಿಗೆ ಮನಿ ತೋರಿಸಿದ್ರು. ಶಾಣ್ಯಾರು ಅಂತ ನಾನೂ ಅಂದೆ. ಆದ್ರ ಅದ ಊರಾಗ ಒಂದು ಮೈಲಿ ಸರದ್ರ ಫೋರ್ಕ್ಸ್ ಆಫ್ ದ ರೋಡ್ ಅನ್ನೋ ಜಾಗಾ ಅದ. ಬಯಲು, ಒಂದೆರಡು ಬೋರ್ಡು, ಸಿಮೆಂಟಿನ್ಯಾಗ ಹುಗದ ಸಂಕೋಲಿ. ದಕ್ಷಿಣದಾಗ ಎರಡನೇ ದೊಡ್ಡ ಮನುಷ್ಯಾರ ಸಂತಿ ಅದು. ಲಿಲಾವು ಅಲ್ಲ, ಹೊಸ ಅರಬಿ ಹಾಕಿ ಸಾಲಾಗಿ ನಿಲ್ಲಸೂದು, ಕೊಳ್ಳೋರು ಹಲ್ಲು ನೋಡಿ ಚೌಕಾಶಿ ಮಾಡೂದು. 1863ರಾಗ ಉತ್ತರದ ಸೈನ್ಯ ಬಂದ ಮ್ಯಾಲೆ ನಿಂತಿತು.

ಆ ಊರಾಗನ ವಿಲಿಯಂ ಜಾನ್ಸನ್ ಅಂತ ಒಬ್ಬ ಕ್ಷೌರಿಕ ಇದ್ದ. ಗುಲಾಮ ಆಗಿ ಹುಟ್ಟಿ ಸಣ್ಣಂವ ಇದ್ದಾಗನ ಬಿಡುಗಡಿ ಆದಂವ. 1835ರಿಂದ 1851ರ ತನಕಾ ದಿನಚರಿ ಬರದಾನ, ಊರ ಮಂದಿ ಜಗಳಾ, ಸಾಲ, ಮಳಿ ಎಲ್ಲಾ. ನನ್ನ ಎದಿ ಝಲ್ ಅಂದದ್ದು ಮುಂದಿನ ಮಾತಿಗೆ: ಅಂವನೂ ಗುಲಾಮರನ್ನ ಇಟ್ಕೊಂಡಿದ್ದ. ಹೊಲದ ಗಡಿ ತಂಟೇದಾಗ ಅವನ್ನ ಗುಂಡು ಹೊಡದು ಕೊಂದ್ರು. ಕರಿಯರ ಸಾಕ್ಷಿ ನಡಿಯೂದಿಲ್ಲಂತ ಕೊಂದಂವ ಪಾರಾದ.

ಕಡೀಗೆ ವಿಕ್ಸ್‌ಬರ್ಗ್. 1863ರಾಗ ಉತ್ತರದ ಸೇನಾಪತಿ ಗ್ರಾಂಟ್ ಈ ಊರಿಗೆ 47 ದಿನ ಮುತ್ತಿಗಿ ಹಾಕಿದ. ಊರವರು ಗುಡ್ಡದಾಗ ಗವಿ ತೋಡಿ ಅದರಾಗ ಸಂಸಾರ ಮಾಡಿದ್ರು. ಪಲ್ಲಂಗ, ಗಾದಿ ಒಳಗ ಸಾಗಿಸಿದ್ರು. ಮೇರಿ ಲಾಫ್ಬರೋ ಅನ್ನಾಕಿ ಸಣ್ಣ ಮಗಳನ್ನ ಕಟಗೊಂಡು ಗವಿಯೊಳಗ ಇದ್ದು, ಮುಂದಿನ ವರ್ಷನ ಅದರ ಬಗ್ಗೆ ಪುಸ್ತಕಾ ಬರದ್ಲು. ಹಿಟ್ಟು ಮುಗೀತು, ಕಾಳು ಬೀಸಿ ರೊಟ್ಟಿ ಮಾಡಿದ್ರು. ಹೇಸರಗತ್ತಿ ಮಾಂಸ ತಿಂದ್ರು. ಕಾಗದಾ ಮುಗದು ಗ್ವಾಡಿಗೆ ಹಚ್ಚೋ ಬಣ್ಣದ ಹಾಳಿ ಹಿಂದ ಪೇಪರ್ ಅಚ್ಚು ಹಾಕಿದ್ರು. ಜುಲೈ 4ಕ್ಕ ಶರಣಾದ್ರು, ಹೊಳಿ ಉತ್ತರದವರ ಕೈಗೆ ಬಂತು. ಅಲ್ಲಿನ ಮಿಲಿಟರಿ ಗೋರಿಗಳೊಳಗ 17,000 ಉತ್ತರದ ಸಿಪಾಯಿಗಳು ಮಲಗ್ಯಾರ. ಅದರಾಗ ಸುಮಾರು 13,000 ಮಂದಿ ಹೆಸರು ಗೊತ್ತಿಲ್ಲ. ಸಣ್ಣ ಚೌಕ ಕಲ್ಲು, ಮ್ಯಾಲೆ ಒಂದು ನಂಬರ್. ನಮ್ಮನಿಯವರು ಮೊಣಕಾಲು ನೋವು ಮರತು ಆ ಸಾಲಿನ್ಯಾಗ ಭಾಳ ದೂರ ನಡದ್ರು, ಏನೂ ಮಾತಾಡಲಿಲ್ಲ.

ಅವತ್ತು ರಾತ್ರಿ ಹಡಗಿನಿಂದನ ತಮ್ಮಗ ಫೋನ್ ಹಚ್ಚಿದೆ. ಊರಾಗ ಮುಂಜಾನೆ. ಹಿಂಗಿಂಗ, ನಮ್ಮ ಗಾಣದಾಗ ನೊರಿ ತಗಿಯಾಕಿ ಇದ್ಲಲ್ಲಾ, ಆಕಿ ಹೆಸರೇನು ಅಂತ ಕೇಳಿದೆ.

"ಯಾರು, ನೊರಿ ಮುದುಕೀನs? ಎಲ್ಲಾರೂ ಹಂಗ ಅಂತಿದ್ರಲ್ಲs ಅಕ್ಕಾ. ಹೆಸರು ಯಾರಿಗೆ ಗೊತ್ತು."

ಅವ್ವನ ಕೈಯಾಗ ಕೊಡು ಅಂದೆ. ಅವ್ವಗ ಈಗ ಎಂಬತ್ತೆರಡು, ಕಿವಿ ಸ್ವಲ್ಪ ಮಂದ, ನೆನಪು ಗಟ್ಟಿ. ಭಾಳ ಹೊತ್ತು ಸುಮ್ಮನ ಇದ್ಲು.

"ಹೆಸರು ನೆನಪಿಲ್ಲವಾ. ಆಕಿ ಕಪ್ಪು ನೆನಪದ. ಹಿತ್ತಲ ಗೂಡಿನ್ಯಾಗ ಇಡತಿದ್ವಿ, ಹಿಡಕಿ ಮುರದದ್ದು. ಮ್ಯಾಲಿಂದ ಚಾ ಹಾಕತಿದ್ದೆ."

ಆ ಕಪ್ಪು ನನಗೂ ನೆನಪದ. ಅದನ್ನ ಮುಟ್ಟಬ್ಯಾಡಾ ಅಂತ ಹೇಳಿದ್ರು, ನಾನೂ ಎಂದೂ ಮುಟ್ಟಿರಲಿಲ್ಲ.

ಆಕಿ ಮೊಮ್ಮಗ ಒಬ್ಬಂವ ಈಗ ಅಲ್ಲೇ ಸಕ್ಕರಿ ಫ್ಯಾಕ್ಟರ್ಯಾಗ ಕೆಲಸಕ್ಕಿದ್ದಾನಂತ ತಮ್ಮ ಆಮ್ಯಾಲೆ ಹೇಳಿದ. ಪಂಚಮಿಗೆ ತವರಮನಿಗೆ ಹೋಗತೇನಿ, ಅವನ ಮನಿಗೆ ಹೋಗಿ ಕೇಳೋದದ.